ಚಕ್ರ ನಿಂತ ಮೇಲೆ

1994ರಲ್ಲಿ ಅಕ್ಕಿಆಲೂರಿನ ಗೋಡೆಗಳ ಮೇಲೆ ಚಕ್ರದ ಗುರುತು ಬರೆದವರಲ್ಲಿ ನಾವೂ ಇದ್ದೆವು. ಲೋಹಿಯಾ, ಜೆ.ಪಿ. ಹೆಸರು ಹೇಳುವ ಜನತಾ ದಳ ಬಡವರ ಪಕ್ಷವೆಂದು ನಂಬಿದ್ದೆವು. ಹಾನಗಲ್ಲಿನಲ್ಲಿ ಸಿ.ಎಂ. ಉದಾಸಿ ಗೆದ್ದರು, ರಾಜ್ಯದ 224 ಸ್ಥಾನಗಳಲ್ಲಿ 115 ಪಕ್ಷಕ್ಕೆ ಬಂದವು. ಮರುವರ್ಷ ದೇವೇಗೌಡರ ಸರಕಾರ ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4 ಮೀಸಲಾತಿ ಕೊಟ್ಟಾಗ ನಮ್ಮ ದುಡಿಮೆ ಸಾರ್ಥಕವಾಯಿತು ಎಂದುಕೊಂಡೆವು.

ಆದರೆ ನಾಯಕರ ಜಗಳ ನಿಲ್ಲಲಿಲ್ಲ. 1996ರಲ್ಲಿ ರಾಮಕೃಷ್ಣ ಹೆಗಡೆಯವರನ್ನು ಉಚ್ಚಾಟಿಸಲಾಯಿತು. ಅವರು ಲೋಕಶಕ್ತಿ ಕಟ್ಟಿ 1998ರಲ್ಲಿ ಬಿಜೆಪಿಯ ಕೈ ಹಿಡಿದರು. 1999ರಲ್ಲಿ ಉಳಿದ ಪಕ್ಷವೂ ದೇವೇಗೌಡರ ಬಣ, ಜೆ.ಎಚ್. ಪಟೇಲರ ಬಣ ಎಂದು ಒಡೆಯಿತು. ಚುನಾವಣಾ ಆಯೋಗ ಚಕ್ರದ ಗುರುತನ್ನೇ ತಡೆಹಿಡಿಯಿತು. ಎರಡೂ ಬಣಗಳಿಗೆ ಸೇರಿ ದಕ್ಕಿದ್ದು 28 ಸ್ಥಾನ. ಒಂದೇ ಡಬ್ಬಿಯ ಬಣ್ಣದಲ್ಲಿ ಗೋಡೆ ಬರೆದ ನಾವು ಪರಸ್ಪರ ಸಲಾಮು, ನಮಸ್ಕಾರ ಬಿಟ್ಟೆವು.

ಬಿಜೆಪಿ ಸಖ್ಯ ಬೇಡವೆಂದು ಹೊರಬಂದ ದೇವೇಗೌಡರ ಪಕ್ಷವೇ 2006ರಲ್ಲಿ ಅದರೊಡನೆ ಸರಕಾರ ಮಾಡಿತು. ಉದಾಸಿಯವರು 2004ರಲ್ಲೇ ಬಿಜೆಪಿಯಿಂದ ಗೆದ್ದಿದ್ದರು. ದಳದ ಅಧ್ಯಕ್ಷರಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮಗ, ಬಸವರಾಜ ಬೊಮ್ಮಾಯಿ 2008ರಲ್ಲಿ ಬಿಜೆಪಿ ಸೇರಿ ಪಕ್ಕದ ಶಿಗ್ಗಾಂವಿಯ ಶಾಸಕರಾದರು. 2023ರಲ್ಲಿ ಅವರ ಸರಕಾರವೇ ಆ ಶೇ. 4ನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ ಆದೇಶ ಜಾರಿಯಾಗಲಿಲ್ಲ.

ನಾಯಕತ್ವ ಒಂದು ಅಮಾನತ್ ಎಂದು ಜುಮಾ ಪ್ರವಚನಗಳಲ್ಲಿ ಕೇಳುತ್ತೇವೆ. ನಾಯಕರು ಅದನ್ನು ಮರೆತರು, ನಿಜ. ಆದರೆ ಯಾರ ಬಣ ಎಂದು ಕೇಳಿದ ನಾವು, ಜಗಳ ಯಾತಕ್ಕೆ ಎಂದು ಒಮ್ಮೆಯೂ ಕೇಳಲಿಲ್ಲ. ಅಮಾನತ್ ಕೊಟ್ಟವರೂ ಲೆಕ್ಕ ಕೇಳಬೇಕಲ್ಲವೇ?