ಅರ್ಧದಾರೀಲಿ ಇಳಿಯೋಕಾಗದ ಪ್ರವಾಸ

ಗುಂಡ್ಲುಪೇಟೆಯಲ್ಲಿ ಕ್ರಿಸ್ಮಸ್ ರಜೆ ಅಂದರೆ ಬೇರೆಯವರ ರಜೆ. ಬೆಂಗಳೂರು, ಮೈಸೂರು ಕಡೆಯ ಕಾರುಗಳೆಲ್ಲ ನಮ್ಮೂರಿಗೆ ಬಂದು ಎರಡು ಪಾಲಾಗುತ್ತವೆ. ಒಂದು ಪಾಲು ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ಪಾಲು ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿಗೆ. (ಇದು ಮಂಡ್ಯದ ಮದ್ದೂರಲ್ಲ, ನಮ್ಮ ಮದ್ದೂರು. ಇಲ್ಲಿ ವಡೆ ಫೇಮಸ್ ಅಲ್ಲ, ಆನೆ ಫೇಮಸ್.) 2009ರಿಂದ ಕಾಡಿನ ರಸ್ತೆಗೆ ರಾತ್ರಿ 9ಕ್ಕೆ ಗೇಟು ಬಿದ್ದರೆ ಮತ್ತೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ತಡವಾಗಿ ಬಂದವರು ಲಾಡ್ಜ್ ಸಿಕ್ಕರೆ ಲಾಡ್ಜಲ್ಲಿ, ಇಲ್ಲದಿದ್ದರೆ ಕಾರಲ್ಲೇ ಮಲಗುತ್ತಾರೆ. ಐದು ಗಂಟೆಗೆ ಎದ್ದು ಕಣ್ಣುಜ್ಜಿಕೊಂಡು ಕೇಳುವುದು ಒಂದೇ ಮಾತು: "ಇಡ್ಲಿ ಇದೆಯಾ?"

ಇದೆ. ಆ ಐದರಿಂದ ಆರರವರೆಗಿನ ಒಂದು ಗಂಟೆಯ ಮೇಲೆಯೇ ನಮ್ಮ ಮನೆ ನಿಂತಿದೆ. ಅಪ್ಪನದು ಹನ್ನೆರಡು ಟೇಬಲ್ಲಿನ ಸಸ್ಯಾಹಾರಿ ಹೋಟೆಲು. ನಮ್ಮ ಕಾನ್ವೆಂಟ್ ಫೀಸು, ಅಕ್ಕನ ಬಿ.ಇ., ಈಗ ನಮ್ಮ ಬಿ.ಇ., ಎಲ್ಲವೂ ಗೇಟು ತೆಗೆಯುವುದನ್ನು ಕಾಯುತ್ತಾ ಜನ ತಿಂದ ಇಡ್ಲಿಯಿಂದಲೇ ಬಂದಿದ್ದು. ಡಿಸೆಂಬರ್ 20ರಿಂದ ಜನವರಿ 1ರವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಜ್ವರ ಸಹ ಬರಕೂಡದು. ಸ್ಕೂಲಲ್ಲಿ ಕ್ರಿಸ್ಮಸ್ ನಾಟಕದಲ್ಲಿ ಕುರುಬನ ಪಾರ್ಟು ಮಾಡಿ ಬಂದು, ಅದೇ ಮೇಕಪ್ಪಿನಲ್ಲಿ ಪಾರ್ಸೆಲ್ ಕಟ್ಟಿದ್ದೇವೆ.

ಹೋದ ವರ್ಷ ದಸರಾ ರಶ್ಶಿನಲ್ಲಿ ಅಪ್ಪ ಗಲ್ಲಾದಲ್ಲಿ ಕೂತಿದ್ದವರು ಎದೆ ಹಿಡಿದುಕೊಂಡು ಬಾಗಿದರು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮತ್ತೆ ಅರ್ಧ ಗಂಟೆ ಬಿಲ್ಲು ಹಾಕಿದ್ದಾರೆ. ಮೈಸೂರಿಗೆ ಕರೆದುಕೊಂಡು ಹೋದಾಗ ಎರಡು ಸ್ಟೆಂಟ್ ಹಾಕಿದರು. ಮೂರು ತಿಂಗಳು ರೆಸ್ಟ್ ಅಂದರು ಡಾಕ್ಟರು. ಅಪ್ಪ ಇಪ್ಪತ್ತೊಂದನೇ ದಿನ ಬೆಳಿಗ್ಗೆ ನಾಲ್ಕೂವರೆಗೆ ಹೋಟೆಲಿನ ಶಟರ್ ಎತ್ತುತ್ತಿದ್ದರು.

ಅವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಅಂದರೆ ಅದರದ್ದೊಂದು ಹಳೆ ಕಥೆ ಇದೆ. ನಾವು ಹೈಸ್ಕೂಲಿನಲ್ಲಿದ್ದಾಗ ಧರ್ಮಸ್ಥಳಕ್ಕೆ ಹೊರಟಿದ್ದೆವು. ಹಾಸನದಲ್ಲಿ ಟೀ ಕುಡಿಯುವಾಗ ಫೋನ್ ಬಂತು, ಭಟ್ಟರು ಕೆಲಸಕ್ಕೆ ಬಂದಿಲ್ಲ ಅಂತ. "ನೀವು ದರ್ಶನ ಮಾಡ್ಕೊಂಡು ಬನ್ನಿ" ಅಂತ ಹೇಳಿ ಅಪ್ಪ ಎದುರಿನ ಬಸ್ಸು ಹತ್ತಿ ಊರಿಗೆ ಹೋದರು. ಅಮ್ಮ ಮಂಜುನಾಥನ ಮುಂದೆ ನಿಂತು ಏನು ಕೇಳಿಕೊಂಡಳೋ, ನಮಗೆ ಹೇಳಲಿಲ್ಲ.

ಅಕ್ಕನಿಗೆ ಬೆಂಗಳೂರಿನಲ್ಲಿ ಕೆಲಸವಾಗಿ ಎರಡು ವರ್ಷ. ಅವಳು ನವೆಂಬರಿನಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. "ಹಡಗು ಬುಕ್ ಮಾಡಿದೀನಿ. ಮುಂಬೈಯಿಂದ ಗೋವಾ, ಗೋವಾಯಿಂದ ಮುಂಬೈ. ಮೂರು ರಾತ್ರಿ."

"ಹಡಗು ಯಾಕೆ? ಕೊಡಗಿಗೆ ಹೋಗಬಹುದಿತ್ತು."

"ಕೊಡಗಿಂದ ಬಸ್ಸಿದೆ" ಅಂದಳು ಅಕ್ಕ.

ಅಷ್ಟೇ. ನಮ್ಮ ಕ್ರೂಸ್‌ಗೆ ಬೇರೆ ಯಾವ ಕಾರಣವೂ ಇರಲಿಲ್ಲ. ಇನ್‌ಸ್ಟಾಗ್ರಾಮಿಗಾಗಿ ಅಲ್ಲ, ಕ್ರಿಸ್ಮಸ್ಸಿಗಾಗಿಯೂ ಅಲ್ಲ. ನಡುನೀರಿನಲ್ಲಿ ಇಳಿದು ವಾಪಸ್ ಬರಲು ಆಗುವುದಿಲ್ಲ, ಮೊಬೈಲ್ ಸಿಗ್ನಲ್ಲೂ ಸಿಗುವುದಿಲ್ಲ ಅನ್ನುವುದಕ್ಕಾಗಿ. ಅಕ್ಕನ ಎರಡು ತಿಂಗಳ ಸಂಬಳ ಹೋಯಿತು. ಕಟ್ಟಿದ ದುಡ್ಡು ವಾಪಸ್ ಬರಲ್ಲ ಅಂತ ಹೇಳಿದ ಮೇಲೆಯೇ ಅಪ್ಪ ಒಪ್ಪಿದ್ದು. ದುಡ್ಡು ದಂಡವಾಗುವುದನ್ನು ಅವರು ಸಹಿಸುವುದಿಲ್ಲ. ಅದು ಅಕ್ಕನಿಗೂ ಗೊತ್ತಿತ್ತು. ಚಾಮರಾಜನಗರದಿಂದ ಮಾವ ಬಂದು ಹೋಟೆಲು ನೋಡಿಕೊಳ್ಳುತ್ತೇನೆ ಅಂದರು. ಅಪ್ಪ ಬೇಡ ಅಂದರು. ಬೇರೆಯವರ ಕೈಗೆ ಕೊಡುವುದಕ್ಕಿಂತ ಮುಚ್ಚುವುದೇ ವಾಸಿಯಂತೆ. ರಟ್ಟಿನ ಮೇಲೆ "ಹೋಟೆಲಿಗೆ ಏಳು ದಿನ ರಜೆ" ಅಂತ ನಾವೇ ಬರೆದು ಶಟರಿಗೆ ಕಟ್ಟಿದೆವು. ಇಂಗ್ಲಿಷ್ ಮೀಡಿಯಂನವರ ಕೈಬರಹ ನೋಡಿ ಪಕ್ಕದ ಅಂಗಡಿಯವರು ನಕ್ಕರು. "ಹೋಟೆಲಿಗೆ"ಯಲ್ಲಿ ಏತ್ವಕ್ಕೆ ಎಲ್ಲಿ ದೀರ್ಘ ಕೊಡಬೇಕೋ ನಮಗೆ ಈಗಲೂ ಅನುಮಾನ.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್. ಒಂದು ರಾತ್ರಿ, ಒಂದು ಹಗಲು. ರಾಯಚೂರು, ಕಲಬುರಗಿ, ಸೊಲ್ಲಾಪುರ ದಾಟುವವರೆಗೆ ಅಪ್ಪ ಎಷ್ಟು ಸಲ ಫೋನ್ ಮಾಡಿದರು ಅಂತ ಎಣಿಸುವುದನ್ನೇ ಬಿಟ್ಟೆವು. ಮುಚ್ಚಿದ ಹೋಟೆಲಿಗೆ ಯಾರಿಗೆ ಫೋನು? ಎದುರಿನ ಪಂಕ್ಚರ್ ಅಂಗಡಿಯವರಿಗೆ. "ಜನ ಬಂದು ಬೋರ್ಡ್ ನೋಡ್ಕೊಂಡು ಹೋಗ್ತಾವ್ರಾ? ಎಷ್ಟು ಜನ?"

ಹಡಗಿನ ಹೆಸರು ಎಂಪ್ರೆಸ್. 1990ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, ಆಗಿನ ಹೆಸರು ನಾರ್ಡಿಕ್ ಎಂಪ್ರೆಸ್. ಆಮೇಲೆ ಹೆಸರು, ಮಾಲೀಕರು ಬದಲಾಗಿ 2021ರಿಂದ ಕಾರ್ಡೀಲಿಯಾ ಕ್ರೂಸಸ್ ಅಡಿಯಲ್ಲಿ ನಮ್ಮ ಕರಾವಳಿಯಲ್ಲಿ ಓಡುತ್ತಿದೆ. ಹನ್ನೊಂದು ಅಂತಸ್ತು. ಗುಂಡ್ಲುಪೇಟೆಯಲ್ಲಿ ಅಷ್ಟೆತ್ತರದ ಕಟ್ಟಡವೇ ಇಲ್ಲ. ಕೆಳಗೆ ನಿಂತು ಮೇಲೆ ನೋಡಿದ ಅಪ್ಪ ಕೇಳಿದ ಮೊದಲ ಪ್ರಶ್ನೆ, "ಇಷ್ಟು ಕಬ್ಬಿಣ ಹೆಂಗ್ಲಾ ತೇಲ್ತದೆ?"

ಬಯನ್ಸಿ, ಡಿಸ್‌ಪ್ಲೇಸ್‌ಮೆಂಟ್ ಅಂತ ಶುರು ಮಾಡಿದೆವು. ಕನ್ನಡದಲ್ಲಿ ಪದಗಳೇ ಬರಲಿಲ್ಲ. ಎರಡು ನಿಮಿಷ ನಮ್ಮ ಒದ್ದಾಟ ನೋಡಿ ಅಪ್ಪನೇ ಹೇಳಿದರು: "ಖಾಲಿ ಪಾತ್ರೆ ತೊಟ್ಟೀಲಿ ತೇಲ್ತದೆ, ಅದನ್ನೇ ಬಡಿದು ತಗಡು ಮಾಡಿ ಹಾಕುದ್ರೆ ಮುಳುಗ್ತದೆ. ಹಂಗೆ ಅನ್ನು." ಹಂಗೇ. ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ನಲ್ಲಿ ಇಷ್ಟು ಚೆನ್ನಾಗಿ ನಾವು ಬರೆದಿರಲಿಲ್ಲ.

ಹೊರಡುವ ಮೊದಲು ಎಲ್ಲರನ್ನೂ ಸೇರಿಸಿ ಡ್ರಿಲ್ ಮಾಡಿಸಿದರು. ಏಳು ಸಣ್ಣ ಹಾರ್ನು, ಒಂದು ಉದ್ದ ಹಾರ್ನು ಕೇಳಿದರೆ ಅಪಾಯ ಅಂತ ಅರ್ಥ. ಅಮ್ಮ ಬೆರಳು ಮಡಚಿ ಎಣಿಸಿ ಕಲಿತಳು. ಆಮೇಲೆ ಹಡಗು ಯಾವಾಗ ಹೊರಟಿತೋ ಗೊತ್ತೇ ಆಗಲಿಲ್ಲ, ಮುಂಬೈ ಹಿಂದಕ್ಕೆ ಹೋಗುತ್ತಿರುವುದನ್ನು ನೋಡಿಯೇ ತಿಳಿದದ್ದು. ಅಮ್ಮ ಸಮುದ್ರ ನೋಡಿದ್ದು ಅದೇ ಮೊದಲು. ಕ್ಯಾಲಿಕಟ್ಟಿಗೆ ಹೋಗುವವರಿಗೆಲ್ಲ ಇಷ್ಟು ವರ್ಷ ಚಟ್ನಿ ರುಬ್ಬಿದವಳು ಕ್ಯಾಲಿಕಟ್ ಕಂಡಿಲ್ಲ. ಅವಳು ನೋಡಿದ್ದ ದೊಡ್ಡ ನೀರು ಅಂದರೆ ನಂಜನಗೂಡಿನ ಕಪಿಲೆ, ತವರಿನ ಕಡೆಯ ಸುವರ್ಣಾವತಿ ಡ್ಯಾಮು. ಡೆಕ್ಕಿನ ಕಂಬಿ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದಳು. "ಆಚೆ ದಡ ಯಾವೂರು?" ಅಂದಳು. ಅಕ್ಕ ಮ್ಯಾಪ್ ನೆನೆಸಿಕೊಂಡು "ಓಮನ್ ಇರಬೇಕು" ಅಂದಳು. ಅಮ್ಮ ಅದನ್ನು ಅಜ್ಜಿಗೆ ಹೇಳಲು ಫೋನ್ ತೆಗೆದಳು. ಸಿಗ್ನಲ್ ಹೋಗಿತ್ತು.

ಅಪ್ಪನ ಫೋನಲ್ಲೂ ಹೋಗಿತ್ತು. ಅಲ್ಲಿಂದ ಅವರಿಗೆ ಏನು ಮಾಡಬೇಕೋ ತೋಚಲಿಲ್ಲ. ಈಜುಕೊಳ, ಮ್ಯಾಜಿಕ್ ಶೋ, ಮಕ್ಕಳ ಡ್ಯಾನ್ಸು, ಮೂಲೆಯಲ್ಲೊಂದು ದೊಡ್ಡ ಕ್ರಿಸ್ಮಸ್ ಮರ, ಯಾವುದರ ಮುಂದೆಯೂ ಐದು ನಿಮಿಷ ನಿಲ್ಲಲಿಲ್ಲ. ಅವರಿಗೆ ರುಚಿಸಿದ ಜಾಗ ಒಂದೇ, ಬುಫೆ ಹಾಲ್. ಊಟಕ್ಕಲ್ಲ. ತಟ್ಟೆ ಹೇಗೆ ಬರುತ್ತದೆ, ಖಾಲಿಯಾದ ಪಾತ್ರೆ ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ನೋಡಲು. ನೀರು ಎಲ್ಲಿಂದ ತರುತ್ತಾರೆ ಅಂತ ಕೇಳಿದರು. ಬೇಸಿಗೆಯಲ್ಲಿ ನಾವು ಟ್ಯಾಂಕರ್ ತರಿಸುವವರು, ಕೇಳಲೇಬೇಕಾದ ಪ್ರಶ್ನೆ. ದೊಡ್ಡ ಹಡಗುಗಳಲ್ಲಿ ಇಂಜಿನ್ನಿನ ಬಿಸಿಯಿಂದಲೇ ಸಮುದ್ರದ ನೀರನ್ನು ಆವಿ ಮಾಡಿ ಸಿಹಿನೀರು ತೆಗೆಯುತ್ತಾರೆ, ಒಳಗಿನ ಒತ್ತಡ ಇಳಿಸಿರುವುದರಿಂದ ನೂರು ಡಿಗ್ರಿಗಿಂತ ಬಹಳ ಕಡಿಮೆಯಲ್ಲೇ ನೀರು ಕುದಿಯುತ್ತದೆ ಅಂತ ಹೇಳಿದೆವು. ಕುಕ್ಕರಿನ ಉಲ್ಟಾ ಅಂದೆವು. ಇದು ಅವರಿಗೆ ಬಹಳ ಹಿಡಿಸಿತು. ನಮಗೂ ಜಂಬ.

ಆ ಜಂಬ ಎರಡನೇ ದಿನದ ತಿಂಡಿಯವರೆಗೆ. ಪಕ್ಕದ ಟೇಬಲ್ಲಿನ ಒಂದು ಕುಟುಂಬ ತಟ್ಟೆ ತುಂಬ ಹಾಕಿಕೊಂಡು, ಅರ್ಧರ್ಧ ಕಚ್ಚಿ ಬಿಟ್ಟು ಎದ್ದು ಹೊರಟಿತು. ಅಪ್ಪ ಎದ್ದು ಹೋಗಿ ಆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಲೋಟಗಳನ್ನು ನಾಲ್ಕು ಬೆರಳಿಗೆ ಸಿಕ್ಕಿಸಿಕೊಂಡು ತೊಳೆಯುವ ಕಡೆಗೆ ನಡೆದರು. ಮೂವತ್ತು ವರ್ಷದ ಕೈ, ಕೇಳಿ ಮಾಡುವುದಿಲ್ಲ. ಕೆಲಸದ ಹುಡುಗ ಓಡಿ ಬಂದು "ಸರ್ ಪ್ಲೀಸ್" ಅಂದ. ಆ ಕುಟುಂಬದವರು ತಿರುಗಿ ನೋಡಿದರು. ನಾವು ಅವರಿಗೆ ಒಳ್ಳೆ ಕಾನ್ವೆಂಟ್ ಇಂಗ್ಲಿಷಿನಲ್ಲಿ ಸಾರಿ ಕೇಳಿದೆವು. ಯಾಕೆ ಸಾರಿ? ಈಗ ಯೋಚಿಸಿದರೆ ಕಾರಣವೇ ಸಿಗುವುದಿಲ್ಲ. ಅಪ್ಪನಿಗೆ ಮಾತ್ರ ಕನ್ನಡದಲ್ಲಿ, ಗಟ್ಟಿಯಾಗಿ, "ಸುಮ್ನೆ ಕೂತ್ಕೊಳಪ್ಪ ಒಂದ್ಕಡೆ" ಅಂದೆವು. ಕೂತುಕೊಂಡರು. ಗೋವಾದಲ್ಲಿ ಇಳಿದಾಗಲೂ ಹೆಚ್ಚು ಮಾತಾಡಲಿಲ್ಲ. ಅಮ್ಮ ಮಾತ್ರ ಸಿಗ್ನಲ್ ಸಿಕ್ಕಿದ ಕೂಡಲೇ ಅಜ್ಜಿಗೆ ಓಮನ್ ವಿಷಯ ಹೇಳಿದಳು.

25ರ ಬೆಳಿಗ್ಗೆ ನಾಲ್ಕೂವರೆಗೆ ಅಮ್ಮ ನಮ್ಮನ್ನು ಅಲುಗಾಡಿಸಿ ಎಬ್ಬಿಸಿದಳು. ಅಪ್ಪನ ಹಾಸಿಗೆ ಖಾಲಿ. ಮಾತ್ರೆ ಡಬ್ಬಿ ಟೇಬಲ್ ಮೇಲಿತ್ತು. ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಮಾತ್ರೆಯೂ ಅದರಲ್ಲೇ. ಅಮ್ಮನನ್ನು ಕ್ಯಾಬಿನ್ನಿನಲ್ಲೇ ಇರಲು ಹೇಳಿ ನಾವಿಬ್ಬರೂ, ಅಕ್ಕ ಚಪ್ಪಲಿ ಸಹ ಹಾಕದೆ, ಓಡಿದೆವು. ಹಡಗಿನ ಕಾರಿಡಾರುಗಳೆಲ್ಲ ಒಂದೇ ಥರ. ಒಂದೇ ಬಣ್ಣದ ಬಾಗಿಲು, ಒಂದೇ ಕಾರ್ಪೆಟ್. ಲಿಫ್ಟ್ ಕಾಯಲಾರದೆ ಮೆಟ್ಟಿಲು ಹತ್ತಿದೆವು. ಮೇಲಿನ ಡೆಕ್ಕು ಕತ್ತಲು, ಗಾಳಿ. ಕಂಬಿಯ ಆಚೆ ನೋಡಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಅಕ್ಕ "ನಾನೇ ಕರ್ಕೊಂಡು ಬಂದೆ, ನಾನೇ ಕರ್ಕೊಂಡು ಬಂದೆ" ಅನ್ನುತ್ತಿದ್ದಳು.

ಬುಫೆ ಹಾಲ್ ಅಂತ ಯಾಕೆ ಮೊದಲೇ ಹೊಳೆಯಲಿಲ್ಲವೋ. ಇನ್ನೂ ಬಾಗಿಲು ತೆಗೆದಿರಲಿಲ್ಲ. ಹೊರಗಿನ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಪಕ್ಕದಲ್ಲಿ ಕೆಲಸ ಮುಗಿಸಿದ ಒಬ್ಬ ಅಡುಗೆಯ ಹುಡುಗ. ಕುಂದಾಪುರದ ಕಡೆಯವನು. ಇಬ್ಬರ ಕೈಯಲ್ಲೂ ಕಾಫಿ. ಅವನ ಕನ್ನಡ ಅಪ್ಪನಿಗೆ ಅರ್ಧ ಅರ್ಥ, ಅಪ್ಪನದು ಅವನಿಗೆ ಅರ್ಧ. ಆದರೂ ಮಾತು ನಿಂತಿರಲಿಲ್ಲ.

ನಮ್ಮ ಮುಖ ನೋಡಿ ಹುಡುಗ ಎದ್ದು ಹೋದ. ಅಕ್ಕ ಒಂದೇ ಸಮ ಬೈದಳು, ಆಮೇಲೆ ಅತ್ತಳು. ಅಪ್ಪ ಅವಳ ಬರಿಗಾಲು ನೋಡುತ್ತಿದ್ದರು.

"ನಾಲ್ಕು ಗಂಟೆಗೆ ಎಚ್ಚರ ಆಯ್ತದೆ, ಏನ್ ಮಾಡನ ಮಗ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಈ ಹುಡ್ಗ ರಾತ್ರಿ ಪಾಳಿಯಂತೆ. ಈಗ ಹೋಗಿ ಮಲಗ್ತಾನೆ, ಇನ್ನೊಬ್ಬ ಬತ್ತಾನೆ. ಅವನು ಹೋದ್ರೆ ಇನ್ನೊಬ್ಬ. ಇಷ್ಟು ಜನಕ್ಕೆ ಬೇಯಿಸ್ತಾವ್ರೆ, ಒಬ್ಬನ ಮೇಲೇ ನಿಂತಿಲ್ಲ ಕಣ್ಲಾ. ಯಾರೋ ಒಬ್ಬ ಮಲಗುದ್ರೂ ನಡೀತದೆ."

ನಾವು ಏನೂ ಹೇಳಲಿಲ್ಲ.

"ಅವತ್ತು ದಸರಾದಲ್ಲಿ ಮಂಚದ ಮೇಲೆ ಮಲಗ್ಸಿದ್ರಲ್ಲ, ಆಗ ನಂಗೆ ನಿಮ್ದು ಯಾರ್ದೂ ನೆನಪು ಬರ್ಲಿಲ್ಲ. ಹಿಟ್ಟು ಹುದುಗಿರ್ತದೆ, ಯಾರ್ ಉಪ್ಪು ಹಾಕ್ತಾರೆ ಅಂತ ಬಂತು. ಇದು ಸರಿ ಅಲ್ಲ ಅಂತ ಆಗ್ಲೇ ಅನ್ಸ್ತು. ಯಾರ್ಗೂ ಹೇಳ್ಲಿಲ್ಲ."

ಅಕ್ಕ ಮೂಗು ಒರೆಸಿಕೊಂಡು "ಮಾರ್ಬಿಡಪ್ಪ ಹೋಟ್ಲನ್ನ" ಅಂದಳು. ಅಪ್ಪ ನಕ್ಕರು. ನಮ್ಮ ಕಡೆ ನೋಡಲಿಲ್ಲ. ನೀವು ಇಂಗ್ಲಿಷಲ್ಲಿ ಓದಿ, ಈ ಒಲೆ ಮುಂದೆ ಬರಬೇಡಿ ಅಂತ ಚಿಕ್ಕಂದಿನಿಂದ ಹೇಳಿದವರು ಅವರೇ, ಈಗ ಬನ್ನಿ ಅನ್ನಲಾರರು. ಬರುತ್ತೇವೆ ಅಂತ ಸುಳ್ಳು ಹೇಳಲು ನಮಗೂ ಬಾಯಿ ಬರಲಿಲ್ಲ. "ನಿನ್ನೆ ತಟ್ಟೆ ವಿಷಯಕ್ಕೆ ಬೇಜಾರಾಯ್ತಾ ಅಪ್ಪ?" ಅಂತ ಮಾತ್ರ ಕೇಳಿದೆವು.

"ಬೇಜಾರಲ್ಲ. ನೀವು ಇಂಗ್ಲಿಷಲ್ಲಿ ಏನಂದ್ರಿ ಅವರ್ಗೆ?"

ಸಾರಿ ಅಂದೆವು ಅಂತ ಹೇಳಿದೆವು.

"ಇಡ್ಲಿಗೆ ಸಾರಿ ಹೇಳ್ಬೇಕಾಗಿತ್ತು, ಬುಡು" ಅಂದರು.

ಅಷ್ಟರಲ್ಲಿ ಬೆಳಕು ಹರಿಯಿತು. ಕ್ಯಾಬಿನ್ನಿನಲ್ಲಿ ಅಮ್ಮ ಕಾಯುತ್ತಿದ್ದಾಳೆ ಅನ್ನುವುದೇ ಮರೆತುಹೋಗಿತ್ತು. ಹೋಗಿ ನೋಡಿದರೆ ಲೈಫ್ ಜಾಕೆಟ್ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಹಾರ್ನು ಕೇಳಿಸಿತಾ ಅಂದರೆ, ಕೇಳಿಸಲಿಲ್ಲ, ಎಣಿಸುವಾಗ ತಪ್ಪಿರಬಹುದು ಅಂತ ಹಾಕಿಕೊಂಡೆ ಅಂದಳು. ಅಪ್ಪ ಆ ಪ್ರವಾಸದಲ್ಲಿ ಜೋರಾಗಿ ನಕ್ಕಿದ್ದು ಆಗಲೇ. ಸಂಜೆ ಸಾಂಟಾ ವೇಷದವನು ಕೇಕ್ ಕೊಟ್ಟಾಗ, ಎದ್ದು ಓಡಾಡದೆ ಕೂತಲ್ಲೇ ಪೂರ್ತಿ ತಿಂದರು.

ಊರಿಗೆ ಬಂದಾಗ ರಟ್ಟಿನ ಬೋರ್ಡಿನ ಕೆಳಗೆ ಯಾರೋ ಪೆನ್ನಿನಲ್ಲಿ ಮಲಯಾಳಂನಲ್ಲಿ ಏನೋ ಬರೆದಿದ್ದರು. ಬೈಗುಳವೋ ಶುಭಾಶಯವೋ, ಓದಿಸಲು ಅಪ್ಪ ಬಿಡಲಿಲ್ಲ. ಮಾರನೇ ದಿನ ಚಾಮರಾಜನಗರಕ್ಕೆ ಫೋನ್ ಮಾಡಿ ಮಾವನನ್ನು ಕರೆಸಿಕೊಂಡರು. ಈಗ ಬೆಳಿಗ್ಗೆ ನಾಲ್ಕೂವರೆಗೆ ಶಟರ್ ಎತ್ತುವುದು ಮಾವ. ಗೇಟಿನ ರಶ್ಶು ಮುಗಿದ ಮೇಲೆ, ಏಳು ಗಂಟೆಗೆ ಅಪ್ಪ ಬರುವುದು ಅಂತ ಮಾತಾಗಿದೆ. ಐದೂಮುಕ್ಕಾಲಿಗೆಲ್ಲ ಹೋಗಿ ಎದುರಿನ ಪಂಕ್ಚರ್ ಅಂಗಡಿ ಮುಂದೆ ಕೂತು ನೋಡುತ್ತಿರುತ್ತಾರೆ ಅಂತ ಅಮ್ಮ ಫೋನಿನಲ್ಲಿ ಹೇಳುತ್ತಾಳೆ.