ಟಿಟ್ವಾಳಾದಲ್ಲಿ ಒಂದು ಆದಿತ್ಯವಾರ

ಮುಂಬಯಿ ಸೀಮೆಗೆ ಬಂದು ನೆಲೆಸಿದ ಕನ್ನಡಿಗರಿಗೆ ಟಿಟ್ವಾಳಾ ಎಂದೊಡನೆ ನೆನಪಾಗುವುದು ಅಲ್ಲಿಯ ಮಹಾಗಣಪತಿ. ಮಗಳಿಗೆ ಗಂಡು ಗೊತ್ತಾಗಲಿಲ್ಲವೆಂದರೆ, ಮಗ ಸೊಸೆ ಮುನಿಸಿಕೊಂಡು ಬೇರೆಯಾದರೆಂದರೆ ಹರಕೆ ಹೊತ್ತು ಹೋಗುವ ಕ್ಷೇತ್ರವದು. ನಾವೂ ಮದುವೆಗೆ ಮುಂಚೆ ಒಮ್ಮೆ, ಮಗು ಹುಟ್ಟಿದ ಮೇಲೆ ಒಮ್ಮೆ ಹೋಗಿ ದೂರ್ವೆ, ದಾಸವಾಳ ಏರಿಸಿ ಬಂದದ್ದುಂಟು. ಆದರೆ ಹೋದ ಶ್ರಾವಣದ ಒಂದು ಆದಿತ್ಯವಾರ ನಾವು ಹೊರಟದ್ದು ಹರಕೆಗಾಗಿ ಅಲ್ಲ. ಮದುವೆಯ ವಿಷಯಕ್ಕೇ ಹೌದು. ಆದರೆ ಅದನ್ನು ತಪ್ಪಿಸಲಿಕ್ಕೆ! ಮದುಮಗನ ವಯಸ್ಸು 68.

ಈ ಮದುಮಗ ಬೇರೆ ಯಾರೂ ಅಲ್ಲ, ನಮ್ಮ ಸೋದರಮಾವ. ಸವದತ್ತಿ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ಟ್ರಂಕು, ಒಂದು ಗಂಟು ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು, ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿ, 60 ತುಂಬಿದಾಗ ನಿವೃತ್ತರಾದರು. ಕ್ವಾರ್ಟರ್ಸು ಬಿಡಬೇಕಾಗಿ ಬಂದಾಗ, ಕೈಯಲ್ಲಿದ್ದ ಹಣಕ್ಕೆ ಎರಡು ಕೋಣೆಯ ಮನೆ ಸಿಕ್ಕಿದ್ದು ಟಿಟ್ವಾಳಾದಲ್ಲಿ. ಆಮೇಲೆ ಒಂದು ವರ್ಷಕ್ಕೇ ಅತ್ತೆ ತೀರಿಕೊಂಡರು. ಒಬ್ಬನೇ ಮಗ ಬೆಂಗಳೂರಿನಲ್ಲಿದ್ದಾನೆ. “ಮನೆ ಮಾರಿ ಬಾರಪ್ಪಾ” ಎಂದು ಏಳು ವರ್ಷದಿಂದ ಕರೆಯುತ್ತಲೇ ಇದ್ದಾನೆ. ಅವನೇ ಆ ವಾರ ಫೋನು ಮಾಡಿ, “ಅಪ್ಪ ಬಾಜೂ ಮನಿ ಬಾಯೀನ್ನ ಮದಿವಿ ಆಗ್ತಾನಂತ. ನೀ ಹೋಗಿ ಬುದ್ಧಿ ಹೇಳಿ ಬಾ” ಎಂದ. ಊರಿನಲ್ಲಿ ಜನ ಏನೆಂದಾರು ಎಂಬ ಅಳುಕು ನಮಗೂ ಇತ್ತು. ನಮ್ಮಾಕೆಯನ್ನೂ ಜೊತೆಗೆ ಕರೆದುಕೊಂಡು ಡೊಂಬಿವಿಲಿಯಲ್ಲಿ ಗಾಡಿ ಹತ್ತಿದೆವು.

ಕಲ್ಯಾಣ ದಾಟಿದ ಮೇಲೆ ಹಳಿ ಎರಡಾಗುತ್ತದೆ. ಒಂದು ಕರ್ಜತ್ ಹಿಡಿದು ಪುಣೆಯ ಕಡೆಗೆ, ಅಂದರೆ ನಮ್ಮೂರ ಕಡೆಗೆ. ಇನ್ನೊಂದು ಕಸಾರಾ ಹಿಡಿದು ನಾಸಿಕದ ಕಡೆಗೆ. ಟಿಟ್ವಾಳಾ ಇರುವುದು ಎರಡನೆಯದರಲ್ಲಿ, ಮುಂಬಯಿಯ ಸಿ.ಎಸ್.ಎಂ.ಟಿ.ಯಿಂದ ಸುಮಾರು 64 ಕಿಲೋಮೀಟರು. 1853ರಲ್ಲಿ ಠಾಣೆಗೆ ಬಂದ ರೈಲು 1854ರಲ್ಲಿ ಕಲ್ಯಾಣ ಮುಟ್ಟಿ, 1855ರಲ್ಲಿ ಈ ದಾರಿಯಾಗಿಯೇ ವಾಸಿಂದದವರೆಗೆ ಸಾಗಿತು. ಶಹಾಡ, ಅಂಬಿವಲಿ ನಿಲ್ದಾಣಗಳು ಕಳೆದವು. ಅಂಬಿವಲಿಯ ಬಳಿ ಸಾವಿರಾರು ಕುಟುಂಬಗಳಿಗೆ ಅನ್ನ ಹಾಕಿದ ರೇಯಾನ್ ಕಾರಖಾನೆ 2009ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದಾಚೆಗೆ ನಾಟಿಯಾದ ಭತ್ತದ ಗದ್ದೆ, ಗದ್ದೆಯ ನಡುವೆ ಏಳುತ್ತಿರುವ ಏಳು ಮಾಳಿಗೆಯ ಕಟ್ಟಡ, ಅದರಾಚೆ ಹಸಿರು ಗುಡ್ಡ. ಟಿಟ್ವಾಳಾ ಈಗ ಕಲ್ಯಾಣ-ಡೊಂಬಿವಿಲಿ ಮಹಾನಗರಪಾಲಿಕೆಗೆ ಸೇರಿದ್ದರೂ ಮಳೆಗಾಲದಲ್ಲಿ ಅದರ ಹಳ್ಳಿಯ ಮುಖವೇ ಎದ್ದು ಕಾಣುತ್ತದೆ.

ಮಾಮಾ ನಿಲ್ದಾಣದ ಹೊರಗೆ ಕೊಡೆ ಹಿಡಿದು ನಿಂತಿದ್ದರು. ಅಲ್ಲಿ ಗುಡ್ಡದ ಪಾಡಾಗಳಿಂದ ಬಂದ ಆದಿವಾಸಿ ಹೆಂಗಸರು ಎಲೆಯ ಮೇಲೆ ಕಾಡುಪಲ್ಯ ಹರಡಿಕೊಂಡು ಕುಳಿತಿದ್ದರು. ಮಾಮಾ ಬಾಗಿ, ಒಂದೊಂದನ್ನೇ ಆರಿಸಿ, ಕರಟೋಲಿ ಕೊಂಡರು. ನಮ್ಮ ಕಡೆಯ ಮಡಹಾಗಲಕಾಯಿ ಅದು. ಅತ್ತೆ ಇದ್ದಾಗ ಸಂತೆಯ ಚೀಲ ಮುಟ್ಟಿದವರಲ್ಲ ಇವರು. ನಮ್ಮಾಕೆ ನಮ್ಮನ್ನು ನೋಡಿದರು, ನಾವು ಗುಡ್ಡ ನೋಡಿದೆವು.

“ಏನಪಾ ಅಳಿಯಾ, ಬುದ್ಧಿ ಹೇಳಾಕ ಬಂದೀಯಲ್ಲ?” ಎಂದು ಮಾಮಾ ನಕ್ಕರು. “ನಡೀರಿ, ಮೊದಲ ದೇವರ ದರ್ಶನ ಆಗಲಿ. ಆಮ್ಯಾಲ ಜಗಳ.”

ಪಾಲು ರಿಕ್ಷಾದಲ್ಲಿ ದೇವಸ್ಥಾನಕ್ಕೆ ಹೋದೆವು. ಮಂಗಳವಾರ ಬರುವ ಅಂಗಾರಕಿ ಚತುರ್ಥಿಯಂದು ಇಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಂದು ಸಾಲು ಚಿಕ್ಕದಿತ್ತು. ಇದು ಕಣ್ವ ಋಷಿಗಳ ಆಶ್ರಮವಿದ್ದ ತಾಣ; ದುಷ್ಯಂತ ಮರೆತುಬಿಟ್ಟಾಗ ಶಕುಂತಲೆ ಕಣ್ವರ ಮಾತಿನಂತೆ ಗಣಪತಿಯನ್ನು ಪೂಜಿಸಿ ಗಂಡನನ್ನು ಮರಳಿ ಪಡೆದಳು ಎಂಬುದು ಸ್ಥಳದ ಪ್ರತೀತಿ. ಆದ್ದರಿಂದಲೇ ಇವನು ವಿವಾಹ ವಿನಾಯಕ. ಮೊದಲ ಮಾಧವರಾವ್ ಪೇಶ್ವೆಯ ಕಾಲದಲ್ಲಿ, ಎಂದರೆ 1761ರಿಂದ 1772ರ ನಡುವೆ, ನೀರಿನ ಬರ ಬಂದು ಕೆರೆಯ ಹೂಳೆತ್ತುವಾಗ ಹಳೆಯ ಗುಡಿಯೂ ಮೂರ್ತಿಯೂ ಸಿಕ್ಕವು, ಪೇಶ್ವೆ ಗುಡಿಯನ್ನು ಕಟ್ಟಿಸಿದನು ಎಂದೂ ಹೇಳುತ್ತಾರೆ. ಕಾಳಿದಾಸ ಕಣ್ವಾಶ್ರಮವನ್ನು ಇಟ್ಟದ್ದು ಮಾಲಿನೀ ನದಿಯ ದಡದಲ್ಲಿ. ನಮ್ಮ ಚನ್ನಪಟ್ಟಣದ ಬಳಿಯೂ ಕಣ್ವ ಎಂಬ ಹೊಳೆಯಿದೆ. ಇಲ್ಲಿ ಹರಿಯುವುದು ಉಲ್ಹಾಸಕ್ಕೆ ಸೇರುವ ಕಾಳೂ ನದಿ. ಶಕುಂತಲೆಯನ್ನು ತಮ್ಮೂರ ಮಗಳೆನ್ನಲು ಯಾರಿಗೆ ತಾನೆ ಆಸೆಯಿಲ್ಲ?

ದರ್ಶನ ಮುಗಿಸಿ ಕೆರೆಯ ದಂಡೆಯ ಒಂದು ಕಟ್ಟೆಯ ಮೇಲೆ ಕುಳಿತೆವು. “ನಮ್ಮ ಮೊದಲನೇ ಜಗಳ ಇಲ್ಲೇ ಆದದ್ದು” ಎಂದರು ಮಾಮಾ. ಮುಂಜಾನೆ ತಿರುಗಾಡಲು ಬರುವ ಮುದುಕರ ಗುಂಪಿನಲ್ಲಿ ಪಕ್ಕದ ಮನೆಯ ಕಾಕೂ ಒಮ್ಮೆ ‘ಸಂಗೀತ ಶಾಕುಂತಲ’ದ ಮಾತೆತ್ತಿ, ಮರಾಠಿ ನಾಟಕದಂಥ ನಾಟಕ ಇನ್ನೆಲ್ಲಿ ಉಂಟು ಎಂದರಂತೆ. ಮಾಮಾ ಬಿಡುವರೆ? ಅದನ್ನು ಬರೆದು 1880ರಲ್ಲಿ ಪುಣೆಯಲ್ಲಿ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅವರಿಗಿಂತ ಮುಂಚೆಯೇ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದರು ಎಂದು ವಾದಿಸಿದರು. ಕಾಕೂ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬಂದು, ಮಗಳಿಗೆ ಹೇಳಿ ಹುಡುಕಿಸಿದೆ, ಹುಟ್ಟೂರಿನ ಮಾತು ನಿಜವೇ, ಆದರೆ ಹಾಡುಗಳು ಮಾತ್ರ ನಮ್ಮವು ಎಂದು ರಾಜಿಯಾದರು.

ಮನೆಗೆ ಹೋದಾಗ ಕಾಕೂ ತಮ್ಮ ಅಡಿಗೆಮನೆಯಿಂದ ಬುಟ್ಟಿ ಹಿಡಿದು ಬಂದರು. ತಲೆ ನೆರೆತ, ಸಣ್ಣ ಮೈಯ ಹೆಂಗಸು, ವಯಸ್ಸು 63. ಬುಟ್ಟಿಯಲ್ಲಿ ನಾಲ್ಕು ಅಕ್ಕಿ ಭಾಕರಿ, ನಾಲ್ಕು ಜೋಳದ ರೊಟ್ಟಿ. ರೊಟ್ಟಿ ಅಂಚಿನಲ್ಲಿ ಹರಿದಿತ್ತು. “ಇನ್ನೂ ಬಡಿಯಾಕ ಕಲೀಲಿಕ್ಕೆ ಹತ್ಯಾಳ” ಎಂದು ಮಾಮಾ ಆ ಹರಿದದ್ದನ್ನೇ ತಮ್ಮ ತಟ್ಟೆಗೆ ಹಾಕಿಕೊಂಡರು. ಕಾಕೂ ಕಲಿತ ಕನ್ನಡವೂ ಇದೇ ಅಳತೆಯದು. ಬೆಳಿಗ್ಗೆ ಗೋಡೆಯ ಆಚೆಯಿಂದ “ಚಾ ಆತೇನ್ರಿ?” ಮಧ್ಯಾಹ್ನ “ಊಟ ಆತೇನ್ರಿ?” ಸಂಜೆ “ಗುಳಿಗಿ ನುಂಗೀರೇನ್ರಿ?” ಈ ಮೂರು ಪ್ರಶ್ನೆಗಳ ಮೇಲೆ ಆ ಮನೆಯ ದಿನ ನಿಂತಿದೆ. ಉಳಿದ ಹೊತ್ತು ಮಾಮಾ ಪತ್ರಿಕೆ ಓದುತ್ತಾರೆ, ಕಾಕೂ ರೇಡಿಯೋದ ನಾಟ್ಯಗೀತೆ ಕೇಳುತ್ತಾರೆ, ಸಂಜೆ ಇಬ್ಬರೂ ನಿಲ್ದಾಣದ ತನಕ ಹೋಗಿ ಬರುತ್ತಾರೆ.

ಊಟವಾದ ಮೇಲೆ ನಾವು ಗಂಟಲು ಸರಿಮಾಡಿಕೊಂಡೆವು. ನಮ್ಮ ಕಚೇರಿಯಲ್ಲಿ ಪಿಂಚಣಿ ಕಾಗದ ನೋಡುವ ಮೇಜು ನಮ್ಮದೇ. ಆದ್ದರಿಂದ ಬುದ್ಧಿಯನ್ನು ನಿಯಮದ ರೂಪದಲ್ಲಿಯೇ ಹೇಳಿದೆವು. ಕಾಕೂ ಬದುಕುತ್ತಿರುವುದು ದಿವಂಗತ ಯಜಮಾನರ ಕುಟುಂಬ ಪಿಂಚಣಿಯ ಮೇಲೆ. ಮರುಮದುವೆಯಾದ ದಿನದಿಂದ ಅದು ನಿಂತುಹೋಗುತ್ತದೆ. ಮಾಮಾ ತೀರಿಕೊಂಡರೆ ರೈಲ್ವೆಯ ಕುಟುಂಬ ಪಿಂಚಣಿ ಇವರಿಗೆ ಸಿಗುತ್ತದೆ, ನಿಜ. ನಿವೃತ್ತಿಯಾದ ಮೇಲೆ ಕೈಹಿಡಿದ ಹೆಂಡತಿಗೂ ಆ ಹಕ್ಕುಂಟೆಂದು ಸುಪ್ರೀಂ ಕೋರ್ಟು 1989ರಲ್ಲಿ ತೀರ್ಪು ಕೊಟ್ಟಿದೆ. ಆದರೆ ಅಲ್ಲಿಯತನಕ ಎರಡು ಸಂಬಳದ ಮನೆ ಒಂದಕ್ಕೆ ಇಳಿಯುತ್ತದೆ. “ಗೋಡೆಯ ಆಚೆ ಈಚೆ ಇದ್ದೇ ಹೀಗೆ ಸುಖವಾಗಿರಬಹುದಲ್ಲ?” ಎಂದೆವು.

ಕಾಕೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮರಾಠಿಯಲ್ಲಿ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಮಾಮಾನಿಗೆ ಜ್ವರ ಏರಿ ಎಚ್ಚರ ತಪ್ಪಿದಾಗ ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದವರು ಅವರೇ. ಕಿಟಕಿಯಲ್ಲಿ ಕುಳಿತವರು “ನೀವು ಇವರಿಗೆ ಏನಾಗಬೇಕು?” ಎಂದು ಕೇಳಿದರು. ಕಾಕೂಗೆ ಉತ್ತರ ಹೊಳೆಯಲಿಲ್ಲ. “ನೆರೆಯವರು” ಎಂದರು. ಹಾಗಾದರೆ ಹೊರಗೆ ಕೂಡಿರಿ, ಮನೆಯವರನ್ನು ಕರೆಸಿರಿ ಎಂದರು. ಬೆಂಗಳೂರಿನಿಂದ ಮಗ ಬಂದು ಮುಟ್ಟುವತನಕ, ಒಂದು ರಾತ್ರಿ ಒಂದು ಹಗಲು, ಒಳಗೆ ಏನಾಗುತ್ತಿದೆಯೆಂದು ಅವರಿಗೆ ಯಾರೂ ಹೇಳಲಿಲ್ಲ.

“ಪಿಂಚಣಿ ಹೋದರೆ ಹೋಗಲಿ” ಎಂದರು ಕಾಕೂ. “ಅದು ನಮ್ಮವರು ಬಿಟ್ಟುಹೋದ ಹಣ. ತೀರಿಕೊಂಡ ಮೇಲೆಯೂ ಹನ್ನೊಂದು ವರ್ಷ ನನ್ನನ್ನು ಸಾಕಿದರು. ಇನ್ನು ಅವರಿಗೂ ಬಿಡುವು ಕೊಡಬೇಡವೇ? ಆದರೆ ಆ ಕಿಟಕಿಯ ಮುಂದೆ ಇನ್ನೊಮ್ಮೆ ನೆರೆಯವಳಾಗಿ ನಿಲ್ಲಲಾರೆ.”

ತುಂಬಿದ ಸಭೆಯಲ್ಲಿ ನೀನು ಯಾರೆಂದು ಕೇಳಿಸಿಕೊಂಡ ಶಕುಂತಲೆ ನಮಗೆ ಆಗ ನೆನಪಾದಳು. ಅವಳ ಕೈಯಲ್ಲಿ ಗುರುತಿನ ಉಂಗುರವಿರಲಿಲ್ಲ. ಕಾಕೂ ಕೈಯಲ್ಲಿ ಒಂದು ಕಾಗದವಿರಲಿಲ್ಲ. ನಮ್ಮ ಬುದ್ಧಿಯ ಗಂಟು ಅಲ್ಲಿಗೇ ಕಳಚಿಬಿತ್ತು. ನಮ್ಮಾಕೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, “ಯಾವಾಗ ಇಟ್ಟುಕೊಂಡೀರಿ ಮಾಮಾ?” ಎಂದು ಕೇಳಿಯೇಬಿಟ್ಟರು.

ಮಾಮಾ ಕಪಾಟಿನಿಂದ ಅರ್ಜಿ ತಂದರು. 1954ರ ವಿಶೇಷ ವಿವಾಹ ಕಾಯಿದೆಯಂತೆ ನೋಟೀಸು ಕೊಟ್ಟು 30 ದಿನ ಕಾಯಬೇಕು. ಆಮೇಲೆ ನೋಂದಣಿ ಅಧಿಕಾರಿಯ ಮುಂದೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು. “ನಿಮ್ಮಿಬ್ಬರದು ಎರಡು ಆತು” ಎಂದರು. ಮೂರನೆಯವರು ಯಾರೆಂದು ನಾವು ಕೇಳಲಿಲ್ಲ. ಅವರೇ ಕಿಟಕಿಯ ಹೊರಗೆ ನೋಡುತ್ತ, “ಅವಗ ಜಾಗಾ ಬಿಟ್ಟೀನಿ. ಬರಲಿಲ್ಲಂದ್ರ ಕೆರಿ ದಂಡಿ ಗೆಳೆಯರು ಭಾಳ ಮಂದಿ ಅದಾರ. ಆದ್ರ ಅವನ ಬಂದ್ರ ಚಲೋ” ಎಂದರು.

ಸಂಜೆ ಇಬ್ಬರೂ ನಿಲ್ದಾಣಕ್ಕೆ ಬಂದು ನಮ್ಮನ್ನು ಗಾಡಿ ಹತ್ತಿಸಿದರು. ಒಂದೇ ಕೊಡೆಯ ಕೆಳಗೆ ನಿಂತು, “ಹೋಗಿ ಬರ್ರಿ” ಎಂದರು ಕಾಕೂ, ಅಕ್ಷರ ತಪ್ಪದಂತೆ.

ಮನೆ ಮುಟ್ಟಿ ಬೆಂಗಳೂರಿಗೆ ಫೋನು ಮಾಡಿದೆವು. ಬುದ್ಧಿ ಹೇಳಲಾಗಲಿಲ್ಲವೆಂದು ಒಪ್ಪಿಕೊಂಡು, ಆಸ್ಪತ್ರೆಯ ಕಿಟಕಿಯ ಸಂಗತಿಯನ್ನಷ್ಟೇ ತಿಳಿಸಿದೆವು. ಅವನಿಗೆ ಅದು ಗೊತ್ತಿರಲಿಲ್ಲ. ಬಹಳ ಹೊತ್ತು ಮಾತಿಲ್ಲ. ಕೊನೆಗೆ, “ಆ ಬಾಯಿಗೆ ಕನ್ನಡ ಬರತೈತೇನು?” ಎಂದ.

“ಗುಳಿಗಿ ನುಂಗೀರೇನ್ರಿ ಅನ್ನೂವಷ್ಟು ಬರತೈತಿ” ಎಂದೆವು.

“ತಾರೀಖ ತಿಳಸು” ಎಂದು ಫೋನು ಇಟ್ಟ.