ಇಬ್ರೇ ಹೋಪುದಾ?

ತೆಕ್ಕಟ್ಟೆ ಕಡೆಯವರಿಗೆ ಟ್ರಿಪ್ ಅಂದರೆ ಬೇಸಿಗೆ ರಜೆ, ಇಲ್ಲವೇ ದಸರಾ ರಜೆ. ಶಾಲೆಯ ಕ್ಯಾಲೆಂಡರೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಮಕ್ಕಳಿಲ್ಲದ ಗಂಡ-ಹೆಂಡತಿಗೆ ಆ ಕಟ್ಟು ಇಲ್ಲ. ಆದರೂ ಹೊರಟು ನಿಂತರೆ ನೆಂಟರ ಪ್ರಶ್ನೆ ತಪ್ಪದು: "ಇಬ್ರೇ ಹೋಪುದಾ?"

ಹೌದು, ಇಬ್ರೇ! ಶನಿವಾರ ಕುಂದಾಪುರದಲ್ಲಿ ಮುರ್ಡೇಶ್ವರ–ಬೆಂಗಳೂರು ರೈಲು ಹತ್ತಿದರಾಯಿತು, ಅದು ಮೈಸೂರಿನ ಮೇಲೇ ಹೋಗುತ್ತದೆ. ಅಲ್ಲೇ ಇಳಿದು ಭಾನುವಾರ ಹಗಲು ದೇವರಾಜ ಮಾರುಕಟ್ಟೆಯಲ್ಲಿ ಸುತ್ತಾಟ, ಸಂಜೆ ಅರಮನೆ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಅಲ್ಲಿ ಸುಮಾರು ಒಂದು ಲಕ್ಷ ಬಲ್ಬು ಬೆಳಗುತ್ತವೆ. ಸೋಮವಾರ, 1892ರಲ್ಲಿ ಶುರುವಾದ ಮೃಗಾಲಯ. ಮಂಗಳವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ, ಅಂದು ಅದಕ್ಕೆ ವಾರದ ರಜೆ.

ಜಿರಾಫೆ ನೋಡಿ ಖುಷಿಪಡಲು ದೊಡ್ಡವರಿಗೆ ಮಗುವಿನ ನೆಪವೇನೂ ಬೇಕಿಲ್ಲ.